ವಿಮಾನದ ಸೇಲ್ ಟಿಕೆಟ್: ಕುಂಬಾರಕೊಪ್ಪಲಿನಿಂದ ಒಂದು ಲೆಕ್ಕಾಚಾರ

ಮೈಸೂರಿನ ಉತ್ತರದ ಅಂಚಿಗೆ, ಹೆಬ್ಬಾಳ ಮತ್ತು ಮೇಟಗಳ್ಳಿಯ ಮಗ್ಗುಲಲ್ಲಿರುವ ಕುಂಬಾರಕೊಪ್ಪಲಿನಲ್ಲಿ ಇವತ್ತು ವಿಮಾನ ಹತ್ತುವವರು ಹಲವು ಬಗೆ. ಹೆಬ್ಬಾಳದ ಇನ್ಫೋಸಿಸ್ ಕ್ಯಾಂಪಸ್ಸಿಗೆ ತರಬೇತಿಗೆಂದು ದೇಶದ ಮೂಲೆಮೂಲೆಯಿಂದ ಬಂದ ಹುಡುಗರಿದ್ದಾರೆ. ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಹೊರರಾಜ್ಯದವರಿದ್ದಾರೆ. ಮಗಳು ಪುಣೆಯಲ್ಲೋ ಮಗ ದುಬೈಯಲ್ಲೋ ಇರುವ ಊರಿನ ಹಳೆಯ ಮನೆಗಳವರೂ ಇದ್ದಾರೆ. ಇವರೆಲ್ಲರ ಫೋನಿಗೂ ತಿಂಗಳಿಗೆರಡು ಸಲ ಒಂದೇ ಸಂದೇಶ ಬರುತ್ತದೆ: ಸೇಲ್ ಶುರುವಾಗಿದೆ, ಟಿಕೆಟ್ ಇಷ್ಟರಿಂದ ಆರಂಭ, ಮೂರೇ ದಿನ.

ಆ ಮೂರು ದಿನದಲ್ಲಿ ನಿಜಕ್ಕೂ ಏನು ಮಾರಾಟವಾಗುತ್ತದೆ, ಯಾರಿಗೆ ಅದು ಒದಗುತ್ತದೆ, ಮೈಸೂರಿನಲ್ಲಿ ಕೂತವರು ಯಾವಾಗ ಕಾಯಬೇಕು, ಯಾವಾಗ ಕಾಯಬಾರದು ಎಂಬುದನ್ನು ಈ ಲೇಖನ ವಿವರಿಸುತ್ತದೆ.

## ಒಂದು ರೂಪಾಯಿಯ ಕಾಲ

ಅಗ್ಗದ ವಿಮಾನಯಾನ ಭಾರತದಲ್ಲಿ ಹುಟ್ಟಿದ್ದು ಕರ್ನಾಟಕದಲ್ಲಿ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 1971ರ ಯುದ್ಧದಲ್ಲಿ ಪಾಲ್ಗೊಂಡವರು. ಸೇನೆ ಬಿಟ್ಟು ಕೃಷಿ ಮಾಡಿ, 1997ರಲ್ಲಿ ಹೆಲಿಕಾಪ್ಟರ್ ಸೇವೆ ಆರಂಭಿಸಿ, 2003ರ ಆಗಸ್ಟ್‌ನಲ್ಲಿ ಬೆಂಗಳೂರನ್ನು ನೆಲೆಯಾಗಿಸಿಕೊಂಡು ಏರ್ ಡೆಕ್ಕನ್ ಹಾರಿಸಿದರು. ಲಾಂಛನವಾಗಿ ಆರಿಸಿಕೊಂಡದ್ದು ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನನ್ನು. ಟಿಕೆಟ್ ಪೆಟ್ರೋಲ್ ಬಂಕಿನಲ್ಲೂ ಸಿಗುತ್ತಿತ್ತು. ಕೆಲವು ಸೀಟು ಒಂದು ರೂಪಾಯಿಗೆ ಹೋಗುತ್ತಿದ್ದವು, ಪಕ್ಕದ ಸೀಟು ಸಾವಿರಾರು ರೂಪಾಯಿಗೆ. ಅದುವರೆಗೆ ವಿಮಾನದ ದರ ಅಂದರೆ ರೈಲಿನ ದರದಂತೆ ಪಟ್ಟಿಯಲ್ಲಿ ಅಚ್ಚಾದ ಒಂದು ಅಂಕಿ ಎಂದುಕೊಂಡಿದ್ದ ಜನಕ್ಕೆ ಇದು ವಿಚಿತ್ರವಾಗಿ ಕಂಡಿತು.

ಹಿಂದೆಯೇ ಬೇರೆಯವರು ಬಂದರು. 2005ರ ಮೇ ತಿಂಗಳಲ್ಲಿ ಹಾರಾಟ ಆರಂಭಿಸಿದ ಸ್ಪೈಸ್‌ಜೆಟ್ 99 ರೂಪಾಯಿಯ ಟಿಕೆಟ್ ತೋರಿಸಿ ಪೇಟೆಗೆ ಇಳಿಯಿತು. 2006ರ ಆಗಸ್ಟ್ 4ರಂದು ಇಂಡಿಗೋ ಹಾರಿತು. 2014ರ ಜೂನ್ 12ರಂದು ಏರ್‌ಏಷ್ಯಾ ಇಂಡಿಯಾ ತನ್ನ ಮೊದಲ ವಿಮಾನವನ್ನು ಬೆಂಗಳೂರಿನಿಂದ ಗೋವಾಕ್ಕೆ ಬಿಟ್ಟಾಗ ಆರಂಭದ ದರ 990 ರೂಪಾಯಿ ಇತ್ತು. ಅದೇ ವರ್ಷ ಏಪ್ರಿಲ್‌ನಲ್ಲಿ ಸ್ಪೈಸ್‌ಜೆಟ್ ಮತ್ತೆ ಒಂದು ರೂಪಾಯಿಯ ಮೂಲ ದರ ಘೋಷಿಸಿದಾಗ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಮಧ್ಯೆ ಪ್ರವೇಶಿಸಿ ಆ ಮಾರಾಟವನ್ನು ನಿಲ್ಲಿಸಿತು. ಅಲ್ಲಿಗೆ ಒಂದು ರೂಪಾಯಿಯ ಹುಚ್ಚು ಬಹುಪಾಲು ಇಳಿಯಿತು. ಸೇಲ್ ಮಾತ್ರ ಉಳಿಯಿತು, ಇನ್ನಷ್ಟು ಲೆಕ್ಕಾಚಾರದ ಜೊತೆಗೆ.

## ಒಂದೇ ವಿಮಾನ, ಹಲವು ದರ

ಇಂಡಿಗೋದ ಎ320 ನಿಯೋ ವಿಮಾನದಲ್ಲಿ 180ರಿಂದ 186 ಸೀಟು. ಈ ಸೀಟುಗಳನ್ನು ಕಂಪನಿ ಒಂದೇ ದರಕ್ಕೆ ಮಾರುವುದಿಲ್ಲ. ಕಂಪ್ಯೂಟರಿನೊಳಗೆ ಅವನ್ನು ದರದ ಗುಂಪುಗಳಾಗಿ ಒಡೆದಿರುತ್ತದೆ. ಪ್ರತಿ ಗುಂಪಿಗೆ ಒಂದು ಇಂಗ್ಲಿಷ್ ಅಕ್ಷರ, ಒಂದು ಬೆಲೆ, ಒಂದಿಷ್ಟು ಸೀಟು. ಅತಿ ಅಗ್ಗದ ಗುಂಪು ಖಾಲಿಯಾದ ಕೂಡಲೇ ಮುಂದಿನದು ತೆರೆಯುತ್ತದೆ. ಮಾರಾಟ ನಿರೀಕ್ಷೆಗಿಂತ ನಿಧಾನವಾದರೆ ಮುಚ್ಚಿದ ಅಗ್ಗದ ಗುಂಪು ಮತ್ತೆ ತೆರೆಯುವುದೂ ಉಂಟು. ಬಾಗಿಲು ಹಾಕಿದ ಮೇಲೆ ಖಾಲಿ ಉಳಿದ ಸೀಟಿಗೆ ಬೆಲೆಯೇ ಇಲ್ಲ, ನಾಳೆ ಅದನ್ನು ಮಾರಲಾಗುವುದಿಲ್ಲ. ಹಾಗಂತ ಎಲ್ಲ ಸೀಟನ್ನೂ ಮೊದಲೇ ಅಗ್ಗಕ್ಕೆ ಕೊಟ್ಟರೆ, ಕೊನೇ ಗಳಿಗೆಯಲ್ಲಿ ದುಬಾರಿ ಟಿಕೆಟ್ ಕೊಳ್ಳಲು ಸಿದ್ಧವಿರುವ ಕಂಪನಿ ಮ್ಯಾನೇಜರಿಗೆ ಸೀಟು ಇರುವುದಿಲ್ಲ. ಈ ಎರಡು ನಷ್ಟದ ನಡುವೆ ತೂಗುವುದೇ ವಿಮಾನ ಕಂಪನಿಯ ದರ ವಿಭಾಗದ ದಿನನಿತ್ಯದ ಕೆಲಸ.

ಈ ವಿದ್ಯೆಗೆ ದೊಡ್ಡ ರೂಪ ಬಂದದ್ದು ಅಮೆರಿಕದಲ್ಲಿ. 1978ರಲ್ಲಿ ಅಲ್ಲಿ ಸರ್ಕಾರ ದರದ ಹಿಡಿತ ಬಿಟ್ಟ ಮೇಲೆ ಪೀಪಲ್ ಎಕ್ಸ್‌ಪ್ರೆಸ್ ಎಂಬ ಅಗ್ಗದ ಕಂಪನಿ ದೊಡ್ಡವರಿಗೆ ತಲೆನೋವಾಯಿತು. ರಾಬರ್ಟ್ ಕ್ರಾಂಡಲ್ ನಡೆಸುತ್ತಿದ್ದ ಅಮೆರಿಕನ್ ಏರ್‌ಲೈನ್ಸ್ 1985ರ ಜನವರಿಯಲ್ಲಿ ಒಂದು ಉಪಾಯ ಹೂಡಿತು: ವಿಮಾನದ ಕೆಲವೇ ಸೀಟನ್ನು, ಬಹಳ ಮೊದಲೇ ಕೊಳ್ಳುವವರಿಗೆ ಮಾತ್ರ, ಎದುರಾಳಿಯಷ್ಟೇ ಅಗ್ಗಕ್ಕೆ ಕೊಡುವುದು, ಉಳಿದದ್ದನ್ನು ಹಳೆಯ ದರಕ್ಕೇ ಇಟ್ಟುಕೊಳ್ಳುವುದು. 1987ರ ಹೊತ್ತಿಗೆ ಪೀಪಲ್ ಎಕ್ಸ್‌ಪ್ರೆಸ್ ಬೇರೆ ಕಂಪನಿಯಲ್ಲಿ ಲೀನವಾಗಿತ್ತು. ಭಾರತದಲ್ಲಿ 1994ರಲ್ಲಿ ಏರ್ ಕಾರ್ಪೊರೇಷನ್ಸ್ ಕಾಯ್ದೆ ರದ್ದಾದ ಮೇಲೆ ಖಾಸಗಿ ಕಂಪನಿಗಳಿಗೂ ಇದೇ ಸ್ವಾತಂತ್ರ್ಯ ಸಿಕ್ಕಿತು. ಸರ್ಕಾರ ಮತ್ತೆ ದರಕ್ಕೆ ಕಟ್ಟು ಹಾಕಿದ್ದು ಅಪರೂಪಕ್ಕೆ: ಕೋವಿಡ್ ಕಾಲದಲ್ಲಿ, 2020ರ ಮೇ 25ರಿಂದ 2022ರ ಆಗಸ್ಟ್ 31ರವರೆಗೆ. ಆಮೇಲೆ 2025ರ ಡಿಸೆಂಬರ್‌ನಲ್ಲಿ, ಇಂಡಿಗೋದ ವಿಮಾನಗಳು ಸಾಲುಸಾಲಾಗಿ ರದ್ದಾಗಿ ಉಳಿದವರ ದರ ಆಕಾಶಕ್ಕೇರಿದಾಗ.

ದರದ ಗುಂಪುಗಳ ಈ ವ್ಯವಸ್ಥೆ ಗೊತ್ತಿದ್ದರೆ ಮನೆಯಲ್ಲಿ ಕೂತು ಮಾಡಬಹುದಾದ ಒಂದು ಉಪಾಯವಿದೆ. ನಾಲ್ಕು ಜನಕ್ಕೆ ಒಟ್ಟಿಗೆ ಹುಡುಕಿದಾಗ ಅಗ್ಗದ ಗುಂಪಿನಲ್ಲಿ ಎರಡೇ ಸೀಟು ಉಳಿದಿದ್ದರೆ, ಹೆಚ್ಚಿನ ತಾಣಗಳು ನಾಲ್ವರಿಗೂ ಮೇಲಿನ ದರವನ್ನೇ ತೋರಿಸುತ್ತವೆ. ಮೊದಲು ಒಬ್ಬರಿಗೆ, ಆಮೇಲೆ ಇಬ್ಬರಿಗೆ ಹುಡುಕಿ ನೋಡಿದರೆ ಎಲ್ಲಿ ದರ ಜಿಗಿಯುತ್ತದೆ ಎಂದು ತಿಳಿಯುತ್ತದೆ. ಆಗ ಇಬ್ಬಿಬ್ಬರಾಗಿ ಬುಕ್ ಮಾಡಬಹುದು. ಪಿಎನ್‌ಆರ್ ಬೇರೆಬೇರೆಯಾಗುವುದರಿಂದ ವಿಮಾನ ರದ್ದಾದಾಗ ಕುಟುಂಬ ಎರಡು ವಿಮಾನಕ್ಕೆ ಹಂಚಿಹೋಗುವ ಸಾಧ್ಯತೆ ಇರುತ್ತದೆ. ಅಜ್ಜಿಯನ್ನೋ ಮಗುವನ್ನೋ ಒಂಟಿ ಪಿಎನ್‌ಆರ್‌ಗೆ ಹಾಕಬಾರದು ಅಷ್ಟೆ.

ಮಂಗಳವಾರ ಮಧ್ಯರಾತ್ರಿ ಬುಕ್ ಮಾಡಿದರೆ ಅಗ್ಗ ಎಂಬ ಮಾತು ಊರೆಲ್ಲ ಓಡಾಡುತ್ತಿದೆ. ಆದರೆ ಬುಕ್ ಮಾಡುವ ವಾರಕ್ಕಿಂತ ಹಾರುವ ವಾರ ಮುಖ್ಯ. ಬೆಂಗಳೂರಿನಿಂದ ಶುಕ್ರವಾರ ಸಂಜೆ ಹೊರಡುವ, ಭಾನುವಾರ ಸಂಜೆ ಮರಳುವ ವಿಮಾನಕ್ಕೆ ಐಟಿ ಜನರೆಲ್ಲ ಮುಗಿಬೀಳುತ್ತಾರೆ. ಮಂಗಳವಾರವೋ ಬುಧವಾರವೋ ಹಾರುವುದಾದರೆ ಬುಕಿಂಗನ್ನು ಯಾವ ವಾರ ಮಾಡಿದರೂ ಸಾಮಾನ್ಯವಾಗಿ ಅಗ್ಗವೇ.

## ಸೇಲ್‌ನಲ್ಲಿ ಎರಡು ತಾರೀಖು

ಪ್ರತಿ ಸೇಲ್‌ಗೂ ಎರಡು ಅವಧಿ. ಬುಕ್ ಮಾಡುವ ಅವಧಿ ಒಂದು, ಪ್ರಯಾಣದ ಅವಧಿ ಇನ್ನೊಂದು. ಜಾಹೀರಾತಿನಲ್ಲಿ ಮೊದಲನೆಯದು ದಪ್ಪಕ್ಷರದಲ್ಲಿರುತ್ತದೆ. ಓದಬೇಕಾದದ್ದು ಎರಡನೆಯದು.

ಇಂಡಿಗೋ ತನ್ನ ಹದಿನಾರನೇ ಹುಟ್ಟುಹಬ್ಬಕ್ಕೆ 2022ರ ಆಗಸ್ಟ್ 3ರಿಂದ 5ರವರೆಗೆ ಸೇಲ್ ಹಾಕಿತು. ದರ 1,616 ರೂಪಾಯಿಯಿಂದ ಆರಂಭ. ಪ್ರಯಾಣದ ಅವಧಿ ಆಗಸ್ಟ್ 18ರಿಂದ ಮುಂದಿನ ವರ್ಷ ಜುಲೈ 16ರವರೆಗೆ, ಹತ್ತಿರಹತ್ತಿರ ಹನ್ನೊಂದು ತಿಂಗಳು. ಸೇಲ್ ಮುಗಿದು ಪ್ರಯಾಣ ಶುರುವಾಗುವ ಮಧ್ಯೆ ಸುಮಾರು ಎರಡು ವಾರದ ಖಾಲಿ ಜಾಗ ಇದೆಯಲ್ಲ, ಅದು ಬೇಕೆಂದೇ ಬಿಟ್ಟದ್ದು. ನಾಳೆಯೋ ನಾಡಿದ್ದೋ ಹೊರಡಲೇಬೇಕಾದವರು ಹೇಗಿದ್ದರೂ ಪೂರ್ತಿ ದರ ಕೊಡುತ್ತಾರೆ, ಅವರಿಗೆ ರಿಯಾಯಿತಿ ಏಕೆ?

ಇನ್ನೊಂದು ಸೇಲನ್ನು ಲೆಕ್ಕ ಹಾಕಿಯೇ ನೋಡಬಹುದು. 2025ರ ಆಗಸ್ಟ್‌ನಲ್ಲಿ, ಸ್ವಾತಂತ್ರ್ಯ ದಿನದ ಹೆಸರಲ್ಲಿ, ಏರ್ ಇಂಡಿಯಾ ಎಕ್ಸ್‌ಪ್ರೆಸ್ 50 ಲಕ್ಷ ಸೀಟುಗಳ ಸೇಲ್ ಘೋಷಿಸಿತು. ದೇಶದೊಳಗಿನ ದರ 1,279 ರೂಪಾಯಿಯಿಂದ ಆರಂಭ, ಪ್ರಯಾಣ ಆಗಸ್ಟ್ 19ರಿಂದ 2026ರ ಮಾರ್ಚ್ 31ರವರೆಗೆ. ಐವತ್ತು ಲಕ್ಷ ಎಂದಾಗ ದಂಗಾಗುತ್ತದೆ. ಆದರೆ ಆ ಅವಧಿ 225 ದಿನ, ಅಂದರೆ ದಿನಕ್ಕೆ ಸುಮಾರು 22 ಸಾವಿರ ಸೀಟು. ಕಂಪನಿಯ ವಿಮಾನಗಳು ದಿನಕ್ಕೆ 500ರ ಆಸುಪಾಸು ಹಾರುತ್ತವೆ. ಸಮನಾಗಿ ಹಂಚಿದರೆ ಒಂದು ವಿಮಾನಕ್ಕೆ ನಲವತ್ತೈದರಷ್ಟು ಸೀಟು. ಸಮನಾಗಿ ಯಾರೂ ಹಂಚುವುದಿಲ್ಲ ಎಂಬುದೇ ಇಲ್ಲಿನ ಗುಟ್ಟು. ಸೆಪ್ಟೆಂಬರಿನ ಒಂದು ಬುಧವಾರದ ವಿಮಾನದಲ್ಲಿ ಧಾರಾಳವಾಗಿ ಇಟ್ಟು, ದೀಪಾವಳಿಯ ಹಿಂದಿನ ಶುಕ್ರವಾರಕ್ಕೆ ಬೆರಳೆಣಿಕೆಯಷ್ಟನ್ನೋ ಏನೂ ಇಲ್ಲದೆಯೋ ಬಿಡಬಹುದು. ಘೋಷಣೆಯ ಅಂಕಿ ಸುಳ್ಳಾಗುವುದಿಲ್ಲ, ನಿಮಗೆ ಬೇಕಾದ ದಿನಕ್ಕೆ ಸೀಟೂ ಸಿಗುವುದಿಲ್ಲ.

ಇನ್ನು "ಇಷ್ಟರಿಂದ ಆರಂಭ" ಎಂಬ ದರ. ಅದು ಸಾಮಾನ್ಯವಾಗಿ ದೇಶದ ಯಾವುದೋ ಚಿಕ್ಕ ಮಾರ್ಗದ್ದು. ಬೆಂಗಳೂರಿನಿಂದ ಗುವಾಹಟಿಗೆ ಹೋಗಬೇಕಾದವರು ಆ ಅಂಕಿಯನ್ನು ಮನಸ್ಸಿನಿಂದ ತೆಗೆದುಹಾಕಿ, ತಮ್ಮ ಮಾರ್ಗದ ಮಾಮೂಲಿ ದರ ಎಷ್ಟಿರುತ್ತದೆ ಎಂದು ಎರಡು ಮೂರು ವಾರ ಮೊದಲೇ ಗಮನಿಸಿ ಬರೆದಿಟ್ಟುಕೊಳ್ಳುವುದು ಮೇಲು. ಮಾಮೂಲಿ ದರ ಗೊತ್ತಿಲ್ಲದವರಿಗೆ ಸೇಲ್ ದರ ಅಗ್ಗವೋ ಅಲ್ಲವೋ ಹೇಳಲು ಬೇರೆ ದಾರಿಯೇ ಇಲ್ಲ.

## ಪಂಚಾಂಗದೊಂದಿಗೆ ಕ್ಯಾಲೆಂಡರ್

ದೇವರಾಜ ಅರಸು ರಸ್ತೆಯ ಬಟ್ಟೆ ಅಂಗಡಿಗಳು ಆಷಾಢ ಬಂದ ಕೂಡಲೇ ರಿಯಾಯಿತಿಯ ಬ್ಯಾನರ್ ಕಟ್ಟುವುದು ಮೈಸೂರಿನವರಿಗೆಲ್ಲ ಗೊತ್ತು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಸೀರೆ ಕೊಳ್ಳುವವರಿಲ್ಲ. ವಿಮಾನ ಕಂಪನಿಗಳ ಸೇಲ್ ಹುಟ್ಟುವುದೂ ಇದೇ ಕಾರಣದಿಂದ, ಹೆಚ್ಚುಕಡಿಮೆ ಇದೇ ಹೊತ್ತಿಗೆ. ಶಾಲೆ ತೆರೆದು ಮಳೆ ಹಿಡಿದ ಮೇಲೆ, ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ವಿಮಾನಗಳಲ್ಲಿ ಜನ ಕಡಿಮೆ. ಮಳೆಗಾಲದ ಸೇಲ್, ಇಂಡಿಗೋದ ಆಗಸ್ಟ್ ಹುಟ್ಟುಹಬ್ಬ, 2022ರ ಆಗಸ್ಟ್ 7ರಂದು ಹಾರಾಟ ಆರಂಭಿಸಿದ ಆಕಾಸಾದ ಹುಟ್ಟುಹಬ್ಬ, ಸ್ವಾತಂತ್ರ್ಯ ದಿನದ ಸೇಲ್ ಎಲ್ಲವೂ ಒಟ್ಟಿಗೆ ಬೀಳುವುದು ಕಾಕತಾಳೀಯವಲ್ಲ. ಎರಡನೆಯ ತೆರಪು ಹೊಸವರ್ಷದ ಗದ್ದಲ ಇಳಿದ ಜನವರಿ ಮಧ್ಯದಿಂದ ಪರೀಕ್ಷೆ ಮುಗಿಯುವ ಮಾರ್ಚ್‌ವರೆಗೆ. ಹೊಸವರ್ಷದ ಸೇಲ್, ಗಣರಾಜ್ಯೋತ್ಸವದ ಸೇಲ್ ಎಂಬ ಹೆಸರುಗಳು ಅದಕ್ಕೆ. ಇದಲ್ಲದೆ ತಿಂಗಳ ಸಂಬಳದ ಹೊತ್ತಿಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್ 'ಪೇಡೇ ಸೇಲ್' ನಡೆಸುವುದುಂಟು.

ಅಂದರೆ ಆಷಾಢದಲ್ಲಿ, ಭಾದ್ರಪದದಲ್ಲಿ, ಮಾಘದಲ್ಲಿ ಹಾರಬಲ್ಲವರಿಗೆ ಸೇಲ್ ಇದೆ. ನಿವೃತ್ತ ದಂಪತಿಗಳು, ಕಾಶಿ ಯಾತ್ರೆಗೆ ದಿನ ನಿಗದಿ ಮಾಡಿಕೊಳ್ಳದವರು, ಮನೆಯಿಂದಲೇ ಕೆಲಸ ಮಾಡುವವರು ಇದರ ಪೂರ್ತಿ ಲಾಭ ಪಡೆಯಬಲ್ಲರು.

ದಸರಾ ರಜೆ, ದೀಪಾವಳಿ, ಕ್ರಿಸ್‌ಮಸ್, ಏಪ್ರಿಲ್ ಹತ್ತರ ನಂತರದ ಬೇಸಿಗೆ ರಜೆ ಇವುಗಳ ಲೆಕ್ಕವೇ ಬೇರೆ. ಇಲ್ಲಿ ಸೇಲ್‌ಗೆ ಕಾಯುವುದು ನಷ್ಟದ ದಾರಿ. ದಿನಾಂಕ ಗೊತ್ತಾದ ಕೂಡಲೇ, ಮಾಮೂಲಿ ಅಗ್ಗದ ಗುಂಪು ಇನ್ನೂ ತೆರೆದಿರುವಾಗ, ಮೂರು ನಾಲ್ಕು ತಿಂಗಳು ಮುಂಚೆ ಕೊಂಡುಬಿಡಬೇಕು. ದಸರಾ ದಿನಾಂಕ ಪ್ರತಿ ವರ್ಷ ಬದಲಾಗುವುದನ್ನೂ ನೆನಪಿಡಬೇಕು: ಜಂಬೂಸವಾರಿ 2023ರಲ್ಲಿ ಅಕ್ಟೋಬರ್ 24ಕ್ಕೆ, 2024ರಲ್ಲಿ ಅಕ್ಟೋಬರ್ 12ಕ್ಕೆ, 2025ರಲ್ಲಿ ಅಕ್ಟೋಬರ್ 2ಕ್ಕೆ. ಸೆಪ್ಟೆಂಬರ್ ಕೊನೆ ಅಗ್ಗ ಎಂಬ ಹಿಂದಿನ ವರ್ಷದ ಅನುಭವ 2025ರಲ್ಲಿ ಕೆಲಸಕ್ಕೆ ಬರುತ್ತಿರಲಿಲ್ಲ. ಅಧಿಕ ಮಾಸ ಬಂದ ವರ್ಷ ಎಲ್ಲವೂ ಮತ್ತೆ ಮುಂದಕ್ಕೆ ಸರಿಯುತ್ತದೆ. ಕಂಪನಿಗಳ ದರ ವಿಭಾಗದಲ್ಲೂ ಪಂಚಾಂಗ ಇರುತ್ತದೆ, ನಮ್ಮ ಗೋಡೆಯ ಮೇಲೂ ಇದೆ.

ಹಬ್ಬದ ಪ್ರಯಾಣದಲ್ಲಿ ಹಣ ಉಳಿಯುವ ಜಾಗ ಒಂದಿದೆ. ಎಲ್ಲರೂ ಹೋಗುವ ದಿಕ್ಕಿಗೆ ವಿರುದ್ಧವಾಗಿ ಹೋಗುವ ಸೀಟು ಅಗ್ಗ. ದೀಪಾವಳಿಗೆ ಬೆಂಗಳೂರಿನಿಂದ ಪಟ್ನಾಕ್ಕೆ ಹೋಗುವ ವಿಮಾನ ತುಂಬಿ ತುಳುಕುವಾಗ ಪಟ್ನಾದಿಂದ ಬರುವುದು ಅಷ್ಟು ತುಂಬಿರುವುದಿಲ್ಲ. ಹೆಬ್ಬಾಳದಲ್ಲಿ ಕೆಲಸಕ್ಕಿರುವ ಮಗ ಊರಿಗೆ ಹೋಗುವ ಬದಲು ಅಪ್ಪ ಅಮ್ಮನನ್ನೇ ಮೈಸೂರಿಗೆ ಕರೆಸಿಕೊಂಡರೆ ಇಬ್ಬರ ಟಿಕೆಟ್ಟು ಅವನೊಬ್ಬನದಕ್ಕಿಂತ ಕಡಿಮೆಗೆ ಬಂದರೂ ಬರಬಹುದು. ಭಾರತದ ಅಗ್ಗದ ವಿಮಾನಗಳಲ್ಲಿ ಹೋಗುವ, ಬರುವ ದರ ಬೇರೆಬೇರೆಯಾಗಿಯೇ ಲೆಕ್ಕವಾಗುವುದರಿಂದ, ಹೋಗುವುದು ಒಂದು ಕಂಪನಿಯಲ್ಲಿ, ಬರುವುದು ಇನ್ನೊಂದರಲ್ಲಿ ಮಾಡಿಕೊಳ್ಳಲೂ ಅಡ್ಡಿಯಿಲ್ಲ.

## ದೇವನಹಳ್ಳಿಯವರೆಗಿನ ದಾರಿ

ಮೈಸೂರಿನವರ ಟಿಕೆಟ್ ದರ ಬೆಂಗಳೂರಿನವರ ಟಿಕೆಟ್ ದರ ಅಲ್ಲ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ 2008ರ ಮೇ 24ರಂದು ತೆರೆದಾಗ ನಗರದೊಳಗಿನ ಎಚ್‌ಎಎಲ್ ನಿಲ್ದಾಣದಿಂದ ಹಾರುವ ಸುಖ ಮುಗಿಯಿತು. ಮೈಸೂರಿನಿಂದ ದೇವನಹಳ್ಳಿಗೆ ಸುಮಾರು 180 ಕಿಲೋಮೀಟರ್. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಹೆದ್ದಾರಿ ಬೆಂಗಳೂರಿನ ಬಾಗಿಲವರೆಗೆ ಬೇಗ ತಲುಪಿಸುತ್ತದೆ. ಅಲ್ಲಿಂದ ಊರು ದಾಟುವುದು ದೇವರ ಇಚ್ಛೆ. ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಸುಮಾರು ನಾಲ್ಕು ಗಂಟೆ ತೆಗೆದುಕೊಳ್ಳುತ್ತದೆ. ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬಿಎಂಟಿಸಿಯ ವಾಯುವಜ್ರ ಹಿಡಿಯುವುದು ಅಗ್ಗ, ಲಗೇಜ್ ಹೆಚ್ಚಿದ್ದರೆ ಪಾಡು.

ಸೇಲ್‌ನಲ್ಲಿ ಅಗ್ಗಕ್ಕೆ ಸಿಗುವ ವಿಮಾನಗಳು ಹೆಚ್ಚಾಗಿ ಯಾರಿಗೂ ಬೇಡದ ಹೊತ್ತಿನವು: ಬೆಳಗಿನ ಐದೂವರೆ, ರಾತ್ರಿ ಹನ್ನೊಂದು. ಬೆಂಗಳೂರಿನವರಿಗೆ ಅದು ಬರೀ ನಿದ್ದೆಗೇಡು. ಕುಂಬಾರಕೊಪ್ಪಲಿನವರು ಬೆಳಗಿನ ವಿಮಾನಕ್ಕೆ ಹಿಂದಿನ ರಾತ್ರಿ ಹನ್ನೊಂದೂವರೆಗೇ ಮನೆ ಬಿಡಬೇಕು. ಟಿಕೆಟ್‌ನಲ್ಲಿ ಆರುನೂರು ರೂಪಾಯಿ ಉಳಿಸಿ, ಹೊತ್ತಿಗೆ ಸರಿಯಾದ ಬಸ್ಸಿಲ್ಲದೆ ಟ್ಯಾಕ್ಸಿಗೆ ಅದರ ಹಲವು ಪಟ್ಟು ಕೊಟ್ಟರೆ ಸೇಲ್ ಎಲ್ಲಿ ಉಳಿಯಿತು? ನನ್ನ ಅಭಿಪ್ರಾಯದಲ್ಲಿ ಮೈಸೂರಿನವರು ಮೊದಲು ಫ್ಲೈಬಸ್ಸಿನ ವೇಳಾಪಟ್ಟಿ ತೆರೆದು, ಅದಕ್ಕೆ ಹೊಂದುವ ಮಧ್ಯಾಹ್ನದ ವಿಮಾನಗಳನ್ನು ಗುರುತು ಮಾಡಿಕೊಂಡು, ಆಮೇಲೆ ಸೇಲ್ ನೋಡಬೇಕು. ಅದೂ ತಿರುಗಿ ಬರುವ ದಿಕ್ಕಿಗೆ ಇನ್ನೂ ಮುಖ್ಯ, ಏಕೆಂದರೆ ತಡವಾಗಿ ಇಳಿದ ವಿಮಾನಕ್ಕೆ ಬಸ್ಸು ಕಾಯುವುದಿಲ್ಲ.

ಗಲ್ಫ್‌ಗೆ ಹೋಗುವವರಿಗೆ ಇನ್ನೊಂದು ಬಾಗಿಲಿದೆ. 2018ರ ಡಿಸೆಂಬರ್ 9ರಂದು ತೆರೆದ ಕಣ್ಣೂರು ನಿಲ್ದಾಣ ಗೋಣಿಕೊಪ್ಪ, ವಿರಾಜಪೇಟೆ, ಮಾಕುಟ್ಟ ಘಾಟಿಯ ದಾರಿಯಲ್ಲಿ ದೇವನಹಳ್ಳಿಗಿಂತ ದೂರವೇನಲ್ಲ. ಸೇಲ್ ಬಂದಾಗ ಬೆಂಗಳೂರಿನ ಜೊತೆ ಕಣ್ಣೂರು, ಮಂಗಳೂರನ್ನೂ ಹಾಕಿ ಹುಡುಕುವುದು ಒಳ್ಳೆಯದು. ಮಳೆಗಾಲದಲ್ಲಿ ಮಾತ್ರ ಆ ಘಾಟಿಯನ್ನು ನಂಬಿ ಟಿಕೆಟ್ ಕೊಳ್ಳಬಾರದು.

## ಮಂಡಕಳ್ಳಿಯಿಂದ ಹಾರಿದರೆ

ಊರಿನದೇ ವಿಮಾನ ನಿಲ್ದಾಣ ನಂಜನಗೂಡು ರಸ್ತೆಯ ಮಂಡಕಳ್ಳಿಯಲ್ಲಿದೆ. 1940ರ ದಶಕದಲ್ಲಿ ಮೈಸೂರು ಸಂಸ್ಥಾನ ಕಟ್ಟಿಸಿದ್ದು. 2010ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ರೆಡ್ ಬೆಂಗಳೂರಿಗೆ ಹಾರಾಟ ಆರಂಭಿಸಿತು, ಮುಂದಿನ ವರ್ಷವೇ ನಿಂತಿತು. ಆ ಕಿಂಗ್‌ಫಿಷರ್ ರೆಡ್ ಬೇರೆ ಯಾವುದೂ ಅಲ್ಲ, ಗೋಪಿನಾಥ್ ಕಟ್ಟಿದ ಏರ್ ಡೆಕ್ಕನ್ನೇ, ಕಿಂಗ್‌ಫಿಷರ್ ಒಡೆಯ ವಿಜಯ್ ಮಲ್ಯರ ಕೈಗೆ ಹೋದ ಮೇಲೆ ಹೆಸರು ಬದಲಾದದ್ದು. 2017ರಲ್ಲಿ ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯಡಿ ಟ್ರೂಜೆಟ್ ಚೆನ್ನೈಗೆ, 2019ರಲ್ಲಿ ಅಲಯನ್ಸ್ ಏರ್ ಬೆಂಗಳೂರು, ಹೈದರಾಬಾದ್, ಕೊಚ್ಚಿ, ಗೋವಾ ಕಡೆಗೆ ಹಾರಿದವು.

ರನ್‌ವೇ ಉದ್ದ 1,740 ಮೀಟರ್. ಎಟಿಆರ್‌ನಂಥ ಎಪ್ಪತ್ತು ಚಿಲ್ಲರೆ ಸೀಟಿನ ವಿಮಾನಕ್ಕೆ ಸಾಕು, ಎ320ಗೆ ಸಾಲದು. ವಿಸ್ತರಿಸಲು ಹೆದ್ದಾರಿ ಮತ್ತು ರೈಲುಮಾರ್ಗ ಅಡ್ಡ ಇವೆ. ಸೀಟು ಕಡಿಮೆ, ಪೈಪೋಟಿ ಇಲ್ಲ, ಆದ್ದರಿಂದ ಸೇಲ್‌ನ ಬಿಸಿ ಇಲ್ಲಿಗೆ ಅಷ್ಟಾಗಿ ತಟ್ಟುವುದಿಲ್ಲ. ಆದರೂ ಒಂದು ಲೆಕ್ಕ ಹಾಕಿ ನೋಡಬೇಕು: ಮಂಡಕಳ್ಳಿಯಿಂದ ಹೈದರಾಬಾದಿಗೆ ಹೋಗಿ ಅಲ್ಲಿಂದ ದೆಹಲಿಗೋ ಕೋಲ್ಕತಾಕ್ಕೋ ಒಂದೇ ಪಿಎನ್‌ಆರ್‌ನಲ್ಲಿ ಸಿಗುವ ಟಿಕೆಟ್ ಕೆಲವೊಮ್ಮೆ ದೇವನಹಳ್ಳಿಯ ನೇರ ವಿಮಾನ ಮತ್ತು ರಸ್ತೆ ಖರ್ಚು ಎರಡನ್ನೂ ಕೂಡಿಸಿದ್ದಕ್ಕೆ ಸರಿಹೋಗುತ್ತದೆ. ಎರಡು ಟಿಕೆಟ್ ಬೇರೆಬೇರೆ ಕೊಂಡು ಜೋಡಿಸುವುದು ಅಪಾಯ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆ ಹೊರುವುದಿಲ್ಲ.

## ದರದ ಮೇಲೆ ದರ

ಸೇಲ್‌ನ ಅತಿ ಅಗ್ಗದ ಟಿಕೆಟ್‌ನಲ್ಲಿ ಕೆಲವೊಮ್ಮೆ ಕೈಚೀಲದ ಏಳು ಕಿಲೋ ಬಿಟ್ಟು ಬೇರೆ ಲಗೇಜ್ ಇರುವುದಿಲ್ಲ. ಉಪ್ಪಿನಕಾಯಿ ಭರಣಿ, ಚಕ್ಕುಲಿ ಡಬ್ಬಿ ಕಟ್ಟಿಕೊಡುವ ತಾಯಂದಿರಿರುವ ಊರಿಗೆ ಇದು ಹೊಂದುವುದಿಲ್ಲ. ಲಗೇಜನ್ನು ನಿಲ್ದಾಣದಲ್ಲಿ ಕೊಂಡರೆ ಬುಕ್ ಮಾಡುವಾಗ ಕೊಂಡದ್ದಕ್ಕಿಂತ ದುಬಾರಿ. ಸೀಟು ಆರಿಸಲು ಹಣ, ಕಾರ್ಡಿನಲ್ಲಿ ಪಾವತಿಸಲು ಅನುಕೂಲ ಶುಲ್ಕ. ಕೊನೆಯ ಪುಟದ ಮೊತ್ತವನ್ನು ಮಾತ್ರ ಹೋಲಿಸಿ ನೋಡಬೇಕು.

## ಟಿಕೆಟ್ ಕೊಂಡ ಮೇಲೆ

ಆರೇಳು ತಿಂಗಳು ಮುಂಚೆ ಟಿಕೆಟ್ ಕೊಳ್ಳುವುದೆಂದರೆ ಕಂಪನಿಗೆ ಆರೇಳು ತಿಂಗಳ ಸಾಲ ಕೊಟ್ಟ ಹಾಗೆ. ಸೇಲ್‌ನಿಂದ ಸೀಟು ತುಂಬುವುದರ ಜೊತೆಗೆ ಕೈಗೆ ನಗದೂ ಬರುತ್ತದೆ, ಕಷ್ಟದಲ್ಲಿರುವ ಕಂಪನಿಗೆ ಅದೇ ಮುಖ್ಯ. 2014ರಲ್ಲಿ ಸಾಲುಸಾಲು ಸೇಲ್ ನಡೆಸಿದ ಸ್ಪೈಸ್‌ಜೆಟ್‌ನ ವಿಮಾನಗಳು ಅದೇ ಡಿಸೆಂಬರ್ 17ರಂದು ಇಂಧನ ಸಿಗದೆ ಗಂಟೆಗಟ್ಟಲೆ ನೆಲಕ್ಕಂಟಿದವು. ಕಂಪನಿ ಆಮೇಲೆ ಚೇತರಿಸಿಕೊಂಡಿತು. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ನಿಂತಾಗ ಮುಂಗಡ ಟಿಕೆಟ್ ಕೊಂಡವರು ಹಣಕ್ಕಾಗಿ ಅಲೆದರು. ಸುದ್ದಿಯಲ್ಲಿ ಸಂಬಳ ಬಾಕಿ, ವಿಮಾನ ವಾಪಸ್ ಎಂಬ ಮಾತು ಕೇಳಿಬರುವ ಕಂಪನಿಯಲ್ಲಿ ದೂರದ ದಿನಾಂಕಕ್ಕೆ ಕೊಳ್ಳದಿರುವುದು ಲೇಸು. ಕೊಂಡರೂ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡರೆ ಬ್ಯಾಂಕಿನ ಮೂಲಕ ತಕರಾರು ಸಲ್ಲಿಸಲು ದಾರಿ ಇರುತ್ತದೆ.

ಅವಸರದಲ್ಲಿ ತಾರೀಖು ತಪ್ಪಾಗುವುದು, ಆಧಾರ್‌ನಲ್ಲಿರುವ ಹೆಸರಿಗೂ ಟಿಕೆಟ್ಟಿಗೂ ತಾಳೆಯಾಗದಿರುವುದು ಸೇಲ್ ದಿನಗಳ ಮಾಮೂಲಿ ಎಡವಟ್ಟು. 2019ರ ಪ್ರಯಾಣಿಕರ ಸನ್ನದಿನ ಪ್ರಕಾರ, ಹಾರುವ ದಿನ ಕನಿಷ್ಠ ಏಳು ದಿನ ದೂರವಿದ್ದರೆ ಬುಕ್ ಮಾಡಿದ 24 ಗಂಟೆಯೊಳಗೆ ಶುಲ್ಕವಿಲ್ಲದೆ ಕ್ಯಾನ್ಸಲ್ ಮಾಡಬಹುದಿತ್ತು ಅಥವಾ ಬದಲಿಸಬಹುದಿತ್ತು. ಕಂಪನಿಯ ತಾಣದಲ್ಲೇ ಕೊಂಡಿದ್ದರೆ ಹೆಸರಿನ ಕಾಗುಣಿತವನ್ನೂ ಅಷ್ಟರೊಳಗೆ ತಿದ್ದಿಸಬಹುದು. ಈ ಅವಧಿಯನ್ನು 48 ಗಂಟೆಗೆ ಏರಿಸುವ ಕರಡನ್ನು ಡಿಜಿಸಿಎ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಬುಕ್ ಮಾಡುವ ದಿನ ಚಾಲ್ತಿಯಲ್ಲಿರುವ ನಿಯಮವನ್ನು ನೋಡಿಕೊಳ್ಳಬೇಕು.

ಆ ಅವಧಿ ದಾಟಿದ ಮೇಲೆ ಸೇಲ್ ಟಿಕೆಟ್ ಕ್ಯಾನ್ಸಲ್ ಮಾಡಿದರೆ ಮೂಲ ದರ ಬಹುಪಾಲು ಹೋದಂತೆಯೇ. ಆದರೆ ಕ್ಯಾನ್ಸಲ್ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತವನ್ನು ಮೀರುವಂತಿಲ್ಲ ಎಂದು 2016ರಿಂದ ನಿಯಮವಿದೆ. ಸರ್ಕಾರಿ ತೆರಿಗೆ, ನಿಲ್ದಾಣದ ಬಳಕೆದಾರರ ಶುಲ್ಕ ಇವನ್ನು ಪ್ರಯಾಣ ಮಾಡದವರಿಗೆ ಹಿಂದಿರುಗಿಸಲೇಬೇಕು. ರಿಫಂಡ್ ಇಲ್ಲ ಎಂದು ಟಿಕೆಟ್ಟಿನ ಮೇಲೆ ಬರೆದಿದ್ದರೂ, ನೀವು ನಿಲ್ದಾಣಕ್ಕೇ ಹೋಗದೆ ವಿಮಾನ ತಪ್ಪಿಸಿಕೊಂಡಿದ್ದರೂ ಇದು ಅನ್ವಯ. ಸಾವಿರದೈನೂರು ರೂಪಾಯಿಯ ಟಿಕೆಟ್ಟಿನಲ್ಲಿ ಈ ಭಾಗ ಕೆಲವು ನೂರು ರೂಪಾಯಿ ಇರುತ್ತದೆ. ನಾಲ್ವರ ಕುಟುಂಬಕ್ಕೆ ಸೇರಿಸಿದರೆ ಸಣ್ಣ ಮೊತ್ತವಲ್ಲ. ತಾನಾಗಿ ಬರದಿದ್ದರೆ ಕಂಪನಿಯ ಆ್ಯಪ್‌ನಲ್ಲಿ ಪಿಎನ್‌ಆರ್ ಹಾಕಿ ಕೇಳಬೇಕು. ಏಜೆಂಟರ ಮೂಲಕ ಕೊಂಡಿದ್ದರೆ ಅವರ ಅಂಗಡಿಗೆ ಹೋಗಿ, ತೆರಿಗೆ ಎಷ್ಟು, ಮೂಲ ದರ ಎಷ್ಟು ಎಂದು ಬಿಡಿಸಿ ಬರೆಸಿಕೊಂಡು ಕೇಳಬೇಕು.